ಪಿತ್ರಾರ್ಜಿತವೋ, ಸ್ವಯಾರ್ಜಿತವೋ?

(ಶ್ರೀರಂಗಪಟ್ಟಣದ ಸೆರೆಯ ಚರಿತ್ರೆಯಿಂದ ನಮ್ಮ ಯುವಜನರಿಗೊಂದು ಪಾಠ)

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಇಲ್ಲಿ ದುಡಿದ ಗುರುಗಳನ್ನೂ ಉಪದೇಶಿಗಳನ್ನೂ, ಕಲ್ಲುಮಣ್ಣು ಹೊತ್ತು ಗೋಡೆ ಎಬ್ಬಿಸಿದ ಹಿರಿಯರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ. ಆದರೆ ಈ ಸಂಚಿಕೆಯ ಕೆಲವು ಪುಟಗಳನ್ನಾದರೂ ಕಿರಿಯರಿಗೆ ಮೀಸಲಿಡಬೇಕೆಂದು ನಮಗೆ ತೋರಿತು. ಅದಕ್ಕೆ ಕಾರಣ, ದೃಢೀಕರಣ ಸಂಸ್ಕಾರಕ್ಕೆ ಸಿದ್ಧತೆ ನಡೆಸುತ್ತಿದ್ದ ತರಗತಿಯಲ್ಲಿ ಒಬ್ಬ ಹುಡುಗನು ಎದ್ದುನಿಂತು ಕೇಳಿದ ಪ್ರಶ್ನೆ.

"ಸ್ವಾಮಿ, ನಮ್ಮಪ್ಪ ನಮ್ಮವ್ವ ಕ್ರೈಸ್ತರು, ಅದಕ್ಕೇ ನಾನೂ ಕ್ರೈಸ್ತ. ಬೇರೆ ಮನೇಲಿ ಹುಟ್ಟಿದ್ರೆ ಬೇರೆ ಆಗಿರ್ತಿದ್ದೆ. ಹಂಗಾದ್ರೆ ಇದ್ರಲ್ಲಿ ನಂದು ಅನ್ನೋದು ಏನಿದೆ?"

ಜ್ಞಾನಸ್ನಾನದ ವರಪ್ರಸಾದವನ್ನು ಕುರಿತು ಧರ್ಮೋಪದೇಶದ ಪುಸ್ತಕದಲ್ಲಿರುವ ಉತ್ತರವನ್ನೇ ನಾವು ಕೊಟ್ಟೆವು. ಉತ್ತರದಲ್ಲಿ ತಪ್ಪಿರಲಿಲ್ಲ. ಆದರೆ ಹುಡುಗನ ಮುಖದಲ್ಲಿ ಸಮಾಧಾನ ಕಾಣಲಿಲ್ಲ, ಕೈಕಟ್ಟಿ ಕುಳಿತುಕೊಂಡನು. ಅಂದು ರಾತ್ರಿ ನಮಗೂ ಸಮಾಧಾನವಿರಲಿಲ್ಲ. ಅವನು ಕೇಳಿದ್ದು ನಮ್ಮ ನಾಡಿನ ರೈತರಿಗೆಲ್ಲ ಗೊತ್ತಿರುವ ಪ್ರಶ್ನೆಯೇ: ಇದು ಪಿತ್ರಾರ್ಜಿತವೋ, ಸ್ವಯಾರ್ಜಿತವೋ? ತಂದೆ ತೀರಿಕೊಂಡರೆ ಗದ್ದೆಯು ಪೌತಿ ಖಾತೆಯ ಮೂಲಕ ಮಗನ ಹೆಸರಿಗೆ ಬರುತ್ತದೆ. ವಿಶ್ವಾಸವೂ ಹಾಗೆಯೇ ಹೆಸರು ಬದಲಾಯಿಸಿಕೊಂಡು ಬರುತ್ತದೆಯೇ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ. ಗೆಜ್ಜಲಗೆರೆಯಿಂದ ಹೆದ್ದಾರಿ ಹಿಡಿದು ಮಂಡ್ಯವನ್ನು ದಾಟಿ ಮುಂದೆ ಹೋದರೆ ಗಂಟೆಯೊಳಗೆ ಸಿಗುವ ಶ್ರೀರಂಗಪಟ್ಟಣದಲ್ಲಿಯೇ ಅದು ಇದೆ.

ಕಾವೇರಿಯ ದಡದ ಸೆರೆ

ಶ್ರೀರಂಗಪಟ್ಟಣಕ್ಕೂ ಕ್ರೈಸ್ತ ವಿಶ್ವಾಸಕ್ಕೂ ಇರುವ ನಂಟು ಹಳೆಯದು. 17ನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಇಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಅಸ್ತಿಭಾರ ಹಾಕಿದರು. ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶ ಮಾಡಿದರು. ಆದರೆ ನಾವು ಹೇಳಹೊರಟಿರುವ ಸಂಗತಿ ಅದಕ್ಕಿಂತ ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರದ್ದು.

1783ರಲ್ಲಿ ಇಂಗ್ಲಿಷರ ಸೇನೆ ಮಂಗಳೂರನ್ನು ಹಿಡಿದಿತ್ತು. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆ ಟಿಪ್ಪು ಸುಲ್ತಾನನಲ್ಲಿ ಬೇರೂರಿತು. 1784ರ ವಿಭೂತಿ ಬುಧವಾರ. ತಪಸ್ಸುಕಾಲದ ಮೊದಲ ದಿನವೇ ಕೆನರಾ ಸೀಮೆಯ ಕ್ರೈಸ್ತರ ಬಂಧನ ನಡೆಯಿತು. ಅವರ ಗುರುಗಳನ್ನು ಗೋವೆಗೆ ಅಟ್ಟಲಾಯಿತು, ದೇವಾಲಯಗಳನ್ನು ಕೆಡವಲಾಯಿತು. 1680ರಲ್ಲಿ ಸ್ಥಾಪನೆಯಾಗಿದ್ದ ಮಂಗಳೂರಿನ ಮಿಲಾಗ್ರಿಸ್ ದೇವಾಲಯವೂ ಅವುಗಳಲ್ಲೊಂದು. ಮುದುಕರು, ಬಸುರಿಯರು, ಎಳೆಯ ಮಕ್ಕಳೆನ್ನದೆ ಸಾವಿರಾರು ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಯಿತು. ದಾರಿಯಲ್ಲಿಯೇ ಎಷ್ಟೋ ಜನ ಮಡಿದರು. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೂ ಬೇರೆಬೇರೆಯಾಗಿ ಹೇಳುವುದುಂಟು. ಬದುಕಿ ತಲುಪಿದವರನ್ನು ಬಲವಂತದಿಂದ ಮತಾಂತರಿಸಿ, ಯುವಕರನ್ನು ಸೈನ್ಯದ ದಳಗಳಿಗೆ ಸೇರಿಸಲಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ನಮ್ಮ ಧರ್ಮ. ಈ ಚರಿತ್ರೆಯನ್ನು ನಾವು ಯಾರ ಮೇಲೂ ಹಗೆ ಸಾಧಿಸಲು ಓದುತ್ತಿಲ್ಲ. ಒಬ್ಬ ಅರಸನ ಯುದ್ಧಕಾಲದ ನಡೆಯನ್ನು ಇಂದಿನ ನಮ್ಮ ನೆರೆಯವರ ತಲೆಗೆ ಕಟ್ಟುವುದು ಅನ್ಯಾಯ. ಸಂತೆಯಲ್ಲಿ, ಶಾಲೆಯಲ್ಲಿ, ಸುಖದುಃಖಗಳಲ್ಲಿ ನಾವು ಒಟ್ಟಿಗೆ ಬಾಳುತ್ತಿರುವ ಜನ. ನಾವು ಓದುತ್ತಿರುವುದು ನಮ್ಮನ್ನು ನಾವೇ ತೂಗಿ ನೋಡಿಕೊಳ್ಳುವುದಕ್ಕಾಗಿ.

ದೊಡ್ಡ ಸ್ವಾಮಿಗಳ ಕಠಿಣ ತೀರ್ಪು

1799ರ ಮಾರ್ಚ್ 27ರಂದು ನಮ್ಮ ಪಕ್ಕದ ಮಳವಳ್ಳಿಯ ಬಯಲಿನಲ್ಲಿ ಯುದ್ಧ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು, ಟಿಪ್ಪು ಸುಲ್ತಾನನು ಹೋರಾಡುತ್ತಲೇ ಮಡಿದನು. ಹದಿನೈದು ವರ್ಷಗಳ ಸೆರೆ ಮುಗಿಯಿತು.

ಅದೇ ವರ್ಷ ಇಲ್ಲಿಗೆ ಬಂದವರು ಪ್ಯಾರಿಸ್ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬುವಾ. ಈ ನಾಡಿನ ಉಡುಪನ್ನು ತೊಟ್ಟು, ಈ ನಾಡಿನ ರೀತಿನೀತಿಗಳನ್ನು ಅನುಸರಿಸಿ ಬಾಳಿದ ಅವರನ್ನು ಜನ ದೊಡ್ಡ ಸ್ವಾಮಿ ಎಂದು ಕರೆದರು. ಗಂಜಾಮಿನ ದೇವಾಲಯವನ್ನು ಕಟ್ಟಿಸಿದವರೂ, ಹಾಸನದ ಬಳಿ ಸಾತಳ್ಳಿಯಲ್ಲಿ ಕ್ರೈಸ್ತ ಬೇಸಾಯಗಾರರ ನೆಲೆಯೊಂದನ್ನು ಬೆಳೆಸಿದವರೂ, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಲು ಶ್ರಮಿಸಿದವರೂ ಇವರೇ. ಸೆರೆಯಿಂದ ಬಿಡುಗಡೆಯಾದ ಸುಮಾರು 2,000 ಜನ ತಮ್ಮ ಬಳಿಗೆ ಬಂದರೆಂದೂ, ಸುಮಾರು 20,000 ಜನ ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿದರೆಂದೂ ಅವರು ಬರೆದಿದ್ದಾರೆ.

ಆದರೆ ಅದೇ ಬರಹದಲ್ಲಿ ಅವರು ನೀಡಿದ ತೀರ್ಪು ಬಹಳ ಕಠಿಣವಾದುದು. ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಎದೆಗೊಟ್ಟು ನಿಂತವರು ಒಬ್ಬರೂ ಇರಲಿಲ್ಲವೆಂದೂ, ಅಂತಹ ಪರೀಕ್ಷೆ ಮತ್ತೊಮ್ಮೆ ಬಂದರೆ ಈ ಜನ ಮತ್ತೊಮ್ಮೆ ಹಾಗೆಯೇ ಮಣಿದಾರೆಂದೂ ಅವರು ನೊಂದು ಬರೆದರು. 1823ರಲ್ಲಿ ಅವರು ಭಾರತವನ್ನು ಬಿಟ್ಟು ಹೊರಟಾಗ ಇಲ್ಲಿಯ ಕ್ರೈಸ್ತ ಸಮಾಜದ ಭವಿಷ್ಯದ ಬಗ್ಗೆ ಅವರಿಗೆ ಹೆಚ್ಚಿನ ಭರವಸೆ ಇರಲಿಲ್ಲ. ಮಂಗಳೂರಿನ ಕ್ರೈಸ್ತರ ಪರಂಪರೆ ಈ ತೀರ್ಪನ್ನು ಒಪ್ಪುವುದಿಲ್ಲ. ಮಣಿಯದೆ ಮಡಿದವರ ನೆನಪನ್ನೂ ಅದು ಕಾಪಾಡಿಕೊಂಡು ಬಂದಿದೆ. ಹೆಂಡಿರು ಮಕ್ಕಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಕತ್ತಿಯ ಅಂಚಿನಲ್ಲಿ ನಿಂತವರನ್ನು, ಫ್ಯಾನಿನ ಕೆಳಗೆ ಕುಳಿತು ಬರೆಯುವ ನಾವು ತೀರ್ಪಿಗೆ ಗುರಿಮಾಡುವುದೂ ಸಲ್ಲದು.

ಆದರೂ ದೊಡ್ಡ ಸ್ವಾಮಿಗಳ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಮರೆಮಾಚಬಾರದು. ಬರಿಯ ಪಿತ್ರಾರ್ಜಿತವಾಗಿ ಬಂದುದನ್ನು ಒಂದೇ ದಿನದಲ್ಲಿ ಕಳೆದುಕೊಳ್ಳಲು ಸಾಧ್ಯ. ಸಂತ ಪೇತ್ರರ ವಿಷಯದಲ್ಲಿಯೂ ಹೀಗೆಯೇ ಆಯಿತಲ್ಲವೇ? ಮೂರು ವರ್ಷ ಪ್ರಭುವಿನ ಜೊತೆಯಲ್ಲಿ ಉಂಡು ನಡೆದವರು, ಬೆಂಕಿ ಕಾಯಿಸಿಕೊಳ್ಳುತ್ತ ಒಬ್ಬ ದಾಸಿಯ ಎದುರು ಪ್ರಭುವನ್ನು ಅರಿಯೆನೆಂದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಪ್ರಭು ಅವರನ್ನು ಮೂರು ಬಾರಿ ಕೇಳಿದ್ದು ಒಂದೇ ಪ್ರಶ್ನೆ, ಪ್ರೀತಿಯ ಪ್ರಶ್ನೆ. ಪೇತ್ರರ ವಿಶ್ವಾಸ ನಿಜವಾಗಿ ಸ್ವಂತದ್ದಾದುದು ಆ ದಡದಲ್ಲಿ.

ಮೂರರ ಮಗು, ಹದಿನೆಂಟರ ಯುವಕ

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಒಂದು ಸಣ್ಣ ಲೆಕ್ಕವನ್ನು ಮಾಡಿ. 1784ರಲ್ಲಿ ತಾಯಿಯ ಕಂಕುಳಲ್ಲಿ ಘಟ್ಟ ಹತ್ತಿದ ಮೂರು ವರ್ಷದ ಮಗುವಿಗೆ 1799ರಲ್ಲಿ ಹದಿನೆಂಟು ವಯಸ್ಸು. ಸೆರೆಯಲ್ಲಿಯೇ ಹುಟ್ಟಿದ ಮೊದಲ ಮಕ್ಕಳಿಗೆ ಹದಿನಾಲ್ಕು, ಹದಿನೈದು. ಅಂದರೆ ನಮ್ಮ ದೃಢೀಕರಣ ತರಗತಿಯ ವಯಸ್ಸು!

ಆ ಮಕ್ಕಳಿಗೆ ಏನಿತ್ತು? ಹಬ್ಬದ ದಿನ ತೇರೆಳೆಯಲು ದೇವಾಲಯವಿರಲಿಲ್ಲ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧಗೊಳಿಸುವ ವಿಚಾರಣೆ ಗುರುಗಳಿರಲಿಲ್ಲ. ಕ್ರೈಸ್ತ ಹೆಸರಿನಿಂದ ಬಹಿರಂಗವಾಗಿ ಕರೆಯುವವರೂ ಇರಲಿಲ್ಲ. ದುಬುವಾ ಸ್ವಾಮಿಗಳ ಬಳಿಗೆ ಬಂದವರು, ತಾವು ಹೊರಗಿನಿಂದ ಮಾತ್ರ ಬದಲಾದೆವು, ಒಳಗೆ ಕ್ರಿಸ್ತನನ್ನು ಬಿಡಲಿಲ್ಲವೆಂದು ಹೇಳಿಕೊಂಡರು. ಹಾಗಿದ್ದರೆ ಆ ಹದಿನೈದು ವರ್ಷ ಅವರ ದೇವಾಲಯವಾಗಿದ್ದುದು ಮನೆಯ ಒಲೆಯ ಪಕ್ಕ, ಅವರ ಉಪದೇಶಿಯಾಗಿದ್ದವಳು ತಾಯಿ ಅಥವಾ ಅಜ್ಜಿ ಎಂದೇ ನಾವು ತಿಳಿಯಬೇಕು. ತಿಮೊಥೇಯನ ವಿಶ್ವಾಸವು ಮೊದಲು ಅವನ ಅಜ್ಜಿಯಲ್ಲಿಯೂ ತಾಯಿಯಲ್ಲಿಯೂ ನೆಲೆಸಿತ್ತೆಂದು ಸಂತ ಪೌಲರು ನೆನಪಿಸಿದ್ದು ಸುಮ್ಮನೆ ಅಲ್ಲ.

ಆದರೆ ಕೋಟೆ ಬಿದ್ದ ಮೇಲೆ ಏನಾಯಿತೆಂಬುದು ಅದಕ್ಕಿಂತ ಮುಖ್ಯ. ಆಗ ಅವರನ್ನು ಹಿಡಿದಿಟ್ಟವರೂ ಇಲ್ಲ, ಹಿಂದಕ್ಕೆ ಕರೆದವರೂ ಇಲ್ಲ. ಊರಿನಲ್ಲಿ ಮನೆ ಬಿದ್ದಿದೆ, ಜಮೀನು ಬೇರೆಯವರ ಪಾಲಾಗಿದೆ. ಇದ್ದಲ್ಲಿಯೇ ಇದ್ದಂತೆಯೇ ಉಳಿದಿದ್ದರೆ ಕೇಳುವವರಿರಲಿಲ್ಲ. ಎಲ್ಲರೂ ಬರಲಿಲ್ಲ, ನಿಜ. ಆದರೆ ಬಹುಪಾಲು ಜನ ಎದ್ದು ಬಂದರು. ತಾಯಿ ಕಲಿಸಿದ ಶಿಲುಬೆಯ ಗುರುತನ್ನಷ್ಟೇ ಬಲ್ಲ ಯುವಕನೊಬ್ಬನು ಗುರುಗಳ ಮುಂದೆ ಮೊಣಕಾಲೂರಿದಾಗ, ಅದು ಅಪ್ಪನ ವಿಶ್ವಾಸವಾಗಿರಲಿಲ್ಲ. ಅಂದಿನಿಂದ ಅದು ಅವನ ಸ್ವಯಾರ್ಜಿತ.

ಇಂತಹ ಘಟನೆ ಲೋಕದಲ್ಲಿ ಇದೊಂದೇ ಅಲ್ಲ. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿದ್ದು, ಕ್ರಮೇಣ ಗುರುಗಳೇ ಇಲ್ಲವಾದರು. ಎರಡು ಶತಮಾನಗಳು ಕಳೆದು, 1865ರ ಮಾರ್ಚ್ 17ರಂದು ನಾಗಾಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಕೆಲವು ಹಳ್ಳಿಗರು ಬಂದು, ತಾವೂ ಅದೇ ವಿಶ್ವಾಸದವರೆಂದು ಪಿಸುಮಾತಿನಲ್ಲಿ ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಅಲ್ಲಿದ್ದ ಗುರು ಪೆತಿಜಾನ್ ಅವರೂ ದುಬುವಾ ಸ್ವಾಮಿಗಳ ಪ್ಯಾರಿಸ್ ಮಿಷನ್ ಸಂಸ್ಥೆಗೆ ಸೇರಿದವರೇ. ಗುರುಗಳಿಲ್ಲದೆಡೆಯಲ್ಲಿಯೂ ದೇವರು ಕೈಬಿಡಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇಂದಿನ ಪರೀಕ್ಷೆ

ಪ್ರಿಯ ಯುವಜನರೇ, ನಿಮ್ಮ ಎದುರು ಇಂದು ಕತ್ತಿ ಇಲ್ಲ. ನಿಮ್ಮ ಜಪಸರವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಪರೀಕ್ಷೆ ಬಾರದಿರುವುದಿಲ್ಲ. ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗುತ್ತೀರಿ. ಹಾಸ್ಟೆಲ್ಲಿನ ಕೋಣೆ, ಕೈಯಲ್ಲಿ ಮೊಬೈಲು, ಭಾನುವಾರದ ಬೆಳಗಿನ ನಿದ್ದೆ. ಅಲ್ಲಿ ನಿಮ್ಮನ್ನು ಎಬ್ಬಿಸಲು ಅವ್ವ ಇರುವುದಿಲ್ಲ, ಬಾರದಿದ್ದರೆ ವಿಚಾರಿಸಲು ನಾವು ಇರುವುದಿಲ್ಲ. "ಮಗ ಪಟ್ಟಣಕ್ಕೆ ಹೋದ ಮೇಲೆ ಪೂಜೆಗೇ ಹೋಗ್ತಿಲ್ಲ ಸ್ವಾಮಿ" ಎಂದು ಗುರುಮನೆಯ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ನಾವು ಕಂಡಿದ್ದೇವೆ. 1784ರಲ್ಲಿ ವಿಶ್ವಾಸವನ್ನು ಬಲವಂತದಿಂದ ಕಿತ್ತುಕೊಳ್ಳಲಾಯಿತು. ಇಂದು ಅದು ಯಾರಿಗೂ ತಿಳಿಯದಂತೆ ಸೋರಿಹೋಗುತ್ತದೆ. ಬಲವಂತ ಮಾಡುವವರಿಲ್ಲದ ಈ ಸ್ವಾತಂತ್ರ್ಯದಲ್ಲಿ ನೀವು ನಿಂತಿರುವುದು 1799ರ ಆ ಯುವಕನು ನಿಂತಿದ್ದ ಸ್ಥಳದಲ್ಲಿಯೇ.

ಇದರಲ್ಲಿ ನಮ್ಮ ತಪ್ಪೂ ಇದೆಯೆಂದು ಈ ಶತಮಾನೋತ್ಸವದಲ್ಲಿ ಒಪ್ಪಿಕೊಳ್ಳುತ್ತೇವೆ. ಪ್ರಶ್ನೋತ್ತರಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದೆವು. ನಿಮ್ಮ ಪ್ರಶ್ನೆಗಳನ್ನು ಕೇಳಲು ಕುಳಿತದ್ದು ಕಡಿಮೆ. ಸಂದೇಹ ಬಂದರೆ ವಿಶ್ವಾಸ ಹೋಯಿತೆಂದು ತಿಳಿಯಬೇಡಿ. ಕೇಳಿರಿ. ಕೇಳುವವನು ಸ್ವಂತಕ್ಕೆ ಸಂಪಾದಿಸಲು ಹೊರಟವನು.

ದೇವರಲ್ಲಿ ಭರವಸೆಯಿಡುವುದೆಂದರೆ ಪರೀಕ್ಷೆಯಲ್ಲಿ ಅಂಕ ಬರುವುದೆಂಬ ಹರಕೆಯ ಲೆಕ್ಕಾಚಾರವೂ ಅಲ್ಲ. ಸೆರೆಯಲ್ಲಿದ್ದ ತಾಯಿಗೆ ಬಿಡುಗಡೆಯ ತಾರೀಖು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವಳು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಬರೆದಳು. ಫಲವನ್ನು ಕಾಣದೆ ಬಿತ್ತುವ ಆ ಧೈರ್ಯಕ್ಕೇ ಭರವಸೆಯೆಂದು ಹೆಸರು. ಮಳೆಯ ಮೋಡ ಕಾಣುವ ಮೊದಲೇ ಉತ್ತು ಹದಮಾಡುವ ನಿಮ್ಮ ತಂದೆಯನ್ನು ಕೇಳಿದರೆ ಅವರೂ ಇದನ್ನೇ ಹೇಳಿಯಾರು.

ಆ ಹುಡುಗನಿಗೆ ಈಗ ನಮ್ಮ ಉತ್ತರವಿದು: ಮಗು, ಜ್ಞಾನಸ್ನಾನದಲ್ಲಿ ನಿನ್ನ ತಂದೆತಾಯಿ ನಿನ್ನ ಪರವಾಗಿ ಮಾತು ಕೊಟ್ಟರು. ದೃಢೀಕರಣದ ದಿನ ಮೇತ್ರಾಣಿಗಳ ಮುಂದೆ ನಿನ್ನ ಬಾಯಿಂದ ನೀನೇ ಮಾತು ಕೊಡುತ್ತೀಯೆ. ಆ ಮಾತು ನಿನ್ನದು. ದಿನಕ್ಕೊಮ್ಮೆ ಯಾರೂ ಹೇಳದೆ ನೀನಾಗಿ ಮಾಡುವ ಪ್ರಾರ್ಥನೆ ನಿನ್ನದು. ಬಿದ್ದ ಮೇಲೆ ಪೇತ್ರರಂತೆ ಎದ್ದು ಬರುವ ದಾರಿಯೂ ನಿನ್ನದು. ಆ ದಾರಿ ಎಂದೂ ಮುಚ್ಚುವುದಿಲ್ಲ.

ಇನ್ನೊಂದು ಭಾನುವಾರ ನಮ್ಮ ಯುವಜನರನ್ನು ಕರೆದುಕೊಂಡು ಗಂಜಾಮಿಗೆ ಹೋಗಿ, ಆ ಹಳೆಯ ದೇವಾಲಯದಲ್ಲಿ ಅವರೊಡನೆ ಮೊಣಕಾಲೂರಬೇಕೆಂಬುದು ನಮ್ಮ ಆಸೆ. ಕಳೆದ ನೂರು ವರ್ಷಗಳ ದೇವಾಲಯವನ್ನು ಹಿರಿಯರು ಕಟ್ಟಿಕೊಟ್ಟರು. ಮುಂದಿನ ನೂರು ವರ್ಷ ಇಲ್ಲಿ ದೀಪ ಉರಿಯುವುದೋ ಇಲ್ಲವೋ ಎಂಬುದು ಈಗ ಹದಿನಾಲ್ಕು, ಹದಿನೈದರ ವಯಸ್ಸಿನವರ ಕೈಯಲ್ಲಿದೆ. ದೇವಮಾತೆ ಮರಿಯಮ್ಮನವರ ಬಿನ್ನಹದಿಂದ ಸರ್ವೇಶ್ವರನು ಅವರಿಗೆ ಸ್ಥಿರ ವಿಶ್ವಾಸವನ್ನು ದಯಪಾಲಿಸಲಿ.