ಗ್ರಾಫೀನ್‌ನಲ್ಲಿನ ಲೋಹ ಕಲ್ಮಶಗಳು

ಗ್ರಾಫೀನ್‌ನಲ್ಲಿನ ಲೋಹ ಕಲ್ಮಶಗಳು ಎಂದರೆ ಗ್ರಾಫೀನ್ ಹಾಗೂ ಅದಕ್ಕೆ ಸಂಬಂಧಿಸಿದ ವಸ್ತುಗಳಲ್ಲಿ ಉದ್ದೇಶಪೂರ್ವಕವಾಗಿ ಸೇರಿಸದೆಯೂ ಉಳಿದುಕೊಂಡಿರುವ ಲೋಹದ ಪರಮಾಣುಗಳು, ಅಯಾನುಗಳು ಮತ್ತು ಸೂಕ್ಷ್ಮ ಕಣಗಳು. ಕಬ್ಬಿಣ, ಮ್ಯಾಂಗನೀಸ್, ನಿಕೆಲ್, ಕೋಬಾಲ್ಟ್, ತಾಮ್ರ ಮತ್ತು ಪೊಟ್ಯಾಶಿಯಂ ಇವುಗಳಲ್ಲಿ ಮುಖ್ಯವಾದವು. ಇವುಗಳ ಪ್ರಮಾಣ ಅತ್ಯಲ್ಪವಾಗಿದ್ದರೂ ಗ್ರಾಫೀನ್‌ನ ವಿದ್ಯುತ್, ರಾಸಾಯನಿಕ, ಕಾಂತೀಯ ಮತ್ತು ಯಾಂತ್ರಿಕ ಗುಣಗಳು ಗಣನೀಯವಾಗಿ ಬದಲಾಗಬಲ್ಲವು.

ಹಿನ್ನೆಲೆ

ಗ್ರಾಫೀನ್ ಇಂಗಾಲದ ಪರಮಾಣುಗಳು ಜೇನುಗೂಡಿನ ವಿನ್ಯಾಸದಲ್ಲಿ ಹೆಣೆದುಕೊಂಡಿರುವ, ಒಂದೇ ಪರಮಾಣುವಿನಷ್ಟು ದಪ್ಪವಿರುವ ಹಾಳೆ. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯ ನೆರವಿನಿಂದ ಗ್ರಾಫೈಟ್‌ನಿಂದ ಇದನ್ನು ಬೇರ್ಪಡಿಸಿ ಅದರ ಗುಣಗಳನ್ನು ಅಳೆದರು. ಈ ಸಂಶೋಧನೆಗಾಗಿ 2010ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಲಭಿಸಿತು. ಈ ಹಾಳೆಯ ಪ್ರತಿಯೊಂದು ಪರಮಾಣುವೂ ಮೇಲ್ಮೈಯಲ್ಲಿಯೇ ಇರುವುದರಿಂದ ಹೊರಗಿನ ವಸ್ತುಗಳ ಪ್ರಭಾವ ಇದರ ಮೇಲೆ ಸುಲಭವಾಗಿ ಆಗುತ್ತದೆ.

ಕಲ್ಮಶಗಳ ಮೂಲಗಳು

ಗ್ರಾಫೈಟ್: ನೆಲದಿಂದ ಅಗೆದು ತೆಗೆದ ಗ್ರಾಫೈಟ್‌ನಲ್ಲಿ ಕಬ್ಬಿಣವೇ ಮೊದಲಾದ ಲೋಹಗಳು ಸಹಜವಾಗಿ ಬೆರೆತಿರುತ್ತವೆ. ಕೃತಕ ಗ್ರಾಫೈಟ್ ಕೂಡ ಇದಕ್ಕೆ ಹೊರತಲ್ಲ. ಸಿಂಗಾಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ಪ್ಯೂಮೆರಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಗ್ರಾಫೈಟ್ ಅನ್ನು ಉತ್ಕರ್ಷಿಸಿ ಬಳಿಕ ಅಪಕರ್ಷಿಸಿದರೂ ಈ ಲೋಹಗಳು ಗ್ರಾಫೀನ್‌ನಲ್ಲಿ ಉಳಿಯುತ್ತವೆ ಎಂದು ತೋರಿಸಿತು.

ರಾಸಾಯನಿಕಗಳು: 1958ರಲ್ಲಿ ಪ್ರಕಟವಾದ ಹಮ್ಮರ್ಸ್ ವಿಧಾನದಲ್ಲಿ ಗಂಧಕಾಮ್ಲ, ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಬಳಸಿ ಗ್ರಾಫೈಟ್ ಆಕ್ಸೈಡ್ ತಯಾರಿಸಲಾಗುತ್ತದೆ. ಪರ್ಮ್ಯಾಂಗನೇಟ್‌ನಲ್ಲಿರುವ ಮ್ಯಾಂಗನೀಸ್ ಮತ್ತು ಪೊಟ್ಯಾಶಿಯಂ ತೊಳೆದ ಬಳಿಕವೂ ಸ್ವಲ್ಪ ಮಟ್ಟಿಗೆ ಉಳಿಯುತ್ತವೆ.

ತಾಮ್ರದ ಹಾಳೆ: ರಾಸಾಯನಿಕ ಆವಿ ನಿಕ್ಷೇಪಣ ವಿಧಾನದಲ್ಲಿ ಕಾದ ತಾಮ್ರ ಅಥವಾ ನಿಕೆಲ್‌ನ ಮೇಲೆ ಗ್ರಾಫೀನ್ ಬೆಳೆಸಿ, ಬಳಿಕ ಆ ಲೋಹವನ್ನು ಫೆರಿಕ್ ಕ್ಲೋರೈಡ್‌ನಂತಹ ದ್ರಾವಣದಲ್ಲಿ ಕರಗಿಸಲಾಗುತ್ತದೆ. ಹೀಗೆ ವರ್ಗಾಯಿಸಿದ ಗ್ರಾಫೀನ್‌ನಲ್ಲಿ ಒಂದು ಚದರ ಸೆಂಟಿಮೀಟರಿಗೆ 10¹³ರಿಂದ 10¹⁴ರಷ್ಟು ತಾಮ್ರ ಹಾಗೂ ಕಬ್ಬಿಣದ ಪರಮಾಣುಗಳಿರುವುದು 2015ರಲ್ಲಿ ವರದಿಯಾಯಿತು. ಅಷ್ಟೇ ವಿಸ್ತೀರ್ಣದಲ್ಲಿ ಇಂಗಾಲದ ಪರಮಾಣುಗಳು ಸುಮಾರು 3.8 × 10¹⁵ ಇರುತ್ತವೆ. ಅಂದರೆ ಸುಮಾರು 40ರಿಂದ 400 ಇಂಗಾಲದ ಪರಮಾಣುಗಳಿಗೆ ಒಂದು ಲೋಹದ ಪರಮಾಣು ಇದ್ದಂತಾಯಿತು. ಸಿಲಿಕಾನ್ ಚಿಪ್ ತಯಾರಿಕೆಯಲ್ಲಿ ಅನುಮತಿಸುವ ಮಿತಿಗಿಂತ ಇದು ಬಹುಪಾಲು ಹೆಚ್ಚು.

ಗುಣಗಳ ಮೇಲಿನ ಪರಿಣಾಮಗಳು

ವಿದ್ಯುದ್ರಾಸಾಯನಿಕ ಗುಣ: ಕಲ್ಮಶಗಳ ಅತಿ ವಿವಾದಾತ್ಮಕ ಪರಿಣಾಮ ಈ ಕ್ಷೇತ್ರದಲ್ಲಿದೆ. ಇಂಗಾಲದ ನ್ಯಾನೊನಳಿಕೆಗಳಲ್ಲಿ ಕಂಡುಬಂದ ಕ್ರಿಯಾವರ್ಧಕ ಗುಣಕ್ಕೆ ಹಲವು ಸಂದರ್ಭಗಳಲ್ಲಿ ಅವುಗಳಲ್ಲಿದ್ದ ಲೋಹದ ಕಣಗಳೇ ಕಾರಣವೆಂದು ಆಕ್ಸ್‌ಫರ್ಡ್‌ನ ರಿಚರ್ಡ್ ಕಾಂಪ್ಟನ್ ಮತ್ತು ಸಹೋದ್ಯೋಗಿಗಳು 2006ರಲ್ಲಿಯೇ ತೋರಿಸಿದ್ದರು. ಇಂಧನಕೋಶಗಳಲ್ಲಿ ದುಬಾರಿ ಪ್ಲಾಟಿನಂಗೆ ಬದಲಾಗಿ ಸಾರಜನಕ ಮೊದಲಾದವನ್ನು ಸೇರಿಸಿದ, 'ಲೋಹರಹಿತ'ವೆನ್ನಲಾದ ಗ್ರಾಫೀನ್ ಬಳಸಬಹುದೆಂಬ ನಿರೀಕ್ಷೆ ಮುಂದೆ ಬೆಳೆಯಿತು. ಆದರೆ ಅಂತಹ ಮಾದರಿಗಳಲ್ಲಿ ಆಮ್ಲಜನಕದ ಅಪಕರ್ಷಣವನ್ನು ತ್ವರಿತಗೊಳಿಸುತ್ತಿದ್ದುದು ಲೇಶಮಾತ್ರ ಉಳಿದಿದ್ದ ಮ್ಯಾಂಗನೀಸ್ ಎಂದು 2013ರಲ್ಲಿ ಪ್ಯೂಮೆರಾ ತಂಡ ವಾದಿಸಿತು. ಇದೇ ತಂಡದವರು 2020ರಲ್ಲಿ ಹಕ್ಕಿಗಳ ಹಿಕ್ಕೆಯನ್ನು ಸೇರಿಸಿ ತಯಾರಿಸಿದ ಗ್ರಾಫೀನ್ ಕೂಡ ಏನನ್ನೂ ಸೇರಿಸದ ಗ್ರಾಫೀನ್‌ಗಿಂತ ಉತ್ತಮ ಕ್ರಿಯಾವರ್ಧಕವೆಂದು ತೋರಿಸಿ, ಕಾರಣವನ್ನು ಪರಿಶೀಲಿಸದೆ ಪ್ರಕಟವಾಗುವ ಇಂತಹ ಸಂಶೋಧನೆಗಳನ್ನು ವ್ಯಂಗ್ಯವಾಗಿ ಟೀಕಿಸಿದರು.

ವಿದ್ಯುತ್ ವಾಹಕತೆ: ಗ್ರಾಫೀನ್‌ನ ಮೇಲೆ ಕುಳಿತ ಲೋಹದ ಪರಮಾಣು ಎಲೆಕ್ಟ್ರಾನ್‌ಗಳನ್ನು ನೀಡಬಹುದು ಅಥವಾ ಸೆಳೆದುಕೊಳ್ಳಬಹುದು. ಪೊಟ್ಯಾಶಿಯಂ ಎಲೆಕ್ಟ್ರಾನ್ ನೀಡಿ ಧನ ಅಯಾನಾಗುತ್ತದೆ. ಆ ಅಯಾನುಗಳು ಚಲಿಸುವ ಎಲೆಕ್ಟ್ರಾನ್‌ಗಳನ್ನು ಚದುರಿಸುವುದರಿಂದ ಅವುಗಳ ಚಲನಶೀಲತೆ ಕುಗ್ಗುತ್ತದೆ ಎಂಬುದು 2008ರ ಪ್ರಯೋಗಗಳಿಂದ ದೃಢಪಟ್ಟಿದೆ.

ಕಾಂತೀಯ ಗುಣ: ಶುದ್ಧ ಗ್ರಾಫೀನ್ ಕಬ್ಬಿಣದಂತೆ ಕಾಂತೀಯ ವಸ್ತುವಲ್ಲ. ಆದರೆ ಕಬ್ಬಿಣದ ಕೆಲವೇ ಕಣಗಳಿದ್ದರೂ ಇಡೀ ಮಾದರಿಗೆ ಕಾಂತಗುಣವಿದೆಯೆಂಬ ತಪ್ಪು ತೀರ್ಮಾನಕ್ಕೆ ಆಸ್ಪದವಾಗುತ್ತದೆ.

ದಹನಶೀಲತೆ: ಪೊಟ್ಯಾಶಿಯಂ ಲವಣಗಳು ಉಳಿದಿರುವ ಒಣ ಗ್ರಾಫೈಟ್ ಆಕ್ಸೈಡ್ ಸುಲಭವಾಗಿ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಅದರ ದಾಸ್ತಾನು ಮತ್ತು ಸಾಗಣೆಯಲ್ಲಿ ಎಚ್ಚರಿಕೆ ಅಗತ್ಯ.

ಯಾಂತ್ರಿಕ ಗುಣ: ಕಲ್ಮಶದಿಂದ ಅನುಕೂಲವಾದ ಉದಾಹರಣೆಯೂ ಇದೆ. ಗ್ರಾಫೀನ್ ಆಕ್ಸೈಡ್‌ನ ಪೊರೆಗಳು ನೀರಿನಲ್ಲಿ ಬಿಡಿಬಿಡಿಯಾಗಬೇಕಾದರೂ ಕೆಲವು ಪೊರೆಗಳು ಗಟ್ಟಿಯಾಗಿಯೇ ಉಳಿಯುತ್ತಿದ್ದವು. ಸೋಸಲು ಬಳಸಿದ ಅಲ್ಯೂಮಿನಿಯಂ ಆಕ್ಸೈಡ್ ಶೋಧಕದಿಂದ ಬಿಡುಗಡೆಯಾದ ಅಲ್ಯೂಮಿನಿಯಂ ಅಯಾನುಗಳು ಹಾಳೆಗಳನ್ನು ಪರಸ್ಪರ ಬೆಸೆದದ್ದೇ ಇದಕ್ಕೆ ಕಾರಣವೆಂದು 2015ರಲ್ಲಿ ಪತ್ತೆಯಾಯಿತು.

ಪತ್ತೆ ಮತ್ತು ಶುದ್ಧೀಕರಣ

ಎಕ್ಸ್-ಕಿರಣ ದ್ಯುತಿಎಲೆಕ್ಟ್ರಾನ್ ರೋಹಿತದರ್ಶನವು ಸಾಮಾನ್ಯವಾಗಿ ಶೇ. 0.1ಕ್ಕಿಂತ ಕಡಿಮೆ ಇರುವ ಲೋಹಗಳನ್ನು ಗುರುತಿಸಲಾರದು. ಆದುದರಿಂದ ಈ ಒಂದೇ ಪರೀಕ್ಷೆಯ ಆಧಾರದ ಮೇಲೆ ಯಾವುದೇ ಮಾದರಿಯನ್ನು 'ಲೋಹರಹಿತ' ಎಂದು ಘೋಷಿಸಲಾಗದು. ಪ್ಲಾಸ್ಮಾ ಆಧಾರಿತ ದ್ರವ್ಯರಾಶಿ ರೋಹಿತದರ್ಶನ (ಐಸಿಪಿ-ಎಂಎಸ್) ಮತ್ತು ನ್ಯೂಟ್ರಾನ್ ಸಕ್ರಿಯಣ ವಿಶ್ಲೇಷಣೆ ಇದಕ್ಕಿಂತ ಬಹಳ ಸೂಕ್ಷ್ಮವಾದ ವಿಧಾನಗಳು.

ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯುವುದು ಸಾಮಾನ್ಯ ಶುದ್ಧೀಕರಣ ಕ್ರಮ. ಇಂಗಾಲದ ಪದರಗಳು ಸುತ್ತುವರಿದ ಕಣಗಳನ್ನು ಆಮ್ಲವು ತಲುಪಲಾರದು. ಅಧಿಕ ಉಷ್ಣತೆಯಲ್ಲಿ ಕ್ಲೋರಿನ್ ಅನಿಲ ಹಾಯಿಸಿದಾಗ ಲೋಹಗಳು ಆವಿಯಾಗಬಲ್ಲ ಕ್ಲೋರೈಡ್‌ಗಳಾಗಿ ಹೊರಹೋಗುತ್ತವೆ. ಆದರೂ ಸಂಪೂರ್ಣ ಶುದ್ಧಿ ಕಷ್ಟಸಾಧ್ಯ.

ಮಹತ್ವ

ಸಂವೇದಕ, ಬ್ಯಾಟರಿ, ಔಷಧ ಸಾಗಣೆ ಮುಂತಾದ ಉದ್ದೇಶಗಳಿಗೆ ಗ್ರಾಫೀನ್ ಬಳಸುವಾಗ ಕಂಡುಬಂದ ಗುಣವು ಗ್ರಾಫೀನ್‌ನದೋ ಕಲ್ಮಶದ್ದೋ ಎಂಬುದನ್ನು ನಿರ್ಧರಿಸುವುದು ಅತ್ಯಗತ್ಯ. ಕಲ್ಮಶಗಳ ಪ್ರಮಾಣವು ಗ್ರಾಫೈಟ್‌ನ ಮೂಲ ಮತ್ತು ತಯಾರಿಕಾ ವಿಧಾನಕ್ಕೆ ತಕ್ಕಂತೆ ಬದಲಾಗುವುದರಿಂದ, ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಮರುಕಳಿಸದಿರಲು ಇದೂ ಒಂದು ಕಾರಣವಾಗಿದೆ.