ಪಕ್ಕದಲ್ಲೇ ಇರುವ ದ್ವೀಪ, ಅದರ ಕತೆ ಹೇಳುವವರು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲೂ ಈಗ ದ್ವೀಪದ ಮಾತು ಶುರುವಾಗುತ್ತದೆ. ಅಂಡಮಾನ್, ಲಕ್ಷದ್ವೀಪ, ಕೈಯಲ್ಲಿ ಇನ್ನೂ ನಾಲ್ಕು ಕಾಸು ಓಡಾಡುವವರಾದರೆ ಮಾಲ್ಡೀವ್ಸ್. ಹೋಗಿ ಬರಲಿ, ತಪ್ಪೇನಿಲ್ಲ. ಆದರೆ ಕಡಕೊಳದಿಂದ ಹೊರಟು ಮೈಸೂರು ದಾಟಿದರೆ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಒಂದು ದ್ವೀಪವಿದೆ. ಕಾವೇರಿ ಎರಡು ಕವಲಾಗಿ ಸುತ್ತುವರಿದ ಶ್ರೀರಂಗಪಟ್ಟಣ. ನಕಾಶೆ ತೆಗೆದು ನೋಡಿ: ಪೋರ್ಟ್ ಬ್ಲೇರ್‌ಗೂ ಶ್ರೀರಂಗಪಟ್ಟಣಕ್ಕೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯ ವ್ಯತ್ಯಾಸವೂ ಇಲ್ಲ. ಅದೇ ಬಿಸಿಲು, ಅದೇ ತೆಂಗು. ಸಮುದ್ರದ ಬದಲು ಹೊಳೆ, ಅಷ್ಟೇ.

ಈ ದ್ವೀಪದ ರಾಜರ ಚರಿತ್ರೆ ಪಠ್ಯಪುಸ್ತಕದಲ್ಲಿದೆ. ಇಲ್ಲಿ ಹೇಳಹೊರಟಿರುವುದು ಇನ್ನೊಂದು ಚರಿತ್ರೆ. ಇಲ್ಲಿಗೆ ಬಂದವರಿಗೆ ಜಾಗ ತೋರಿಸಿ ಕತೆ ಹೇಳಿದವರು ಯಾರು, ಆ ಕತೆಯಲ್ಲಿ ಯಾರ ಹೆಸರು ಉಳಿಯಿತು, ಯಾರದು ಅಳಿಸಿಹೋಯಿತು ಎಂಬುದು.

ಪ್ರವಾಸಿ ಎಂಬ ಪದ ಬಳಕೆಗೆ ಬರುವ ಎಷ್ಟೋ ಮೊದಲು ಇಲ್ಲಿಗೆ ಯಾತ್ರಿಕರು ಬರುತ್ತಿದ್ದರು. ಕಾವೇರಿಯ ಮೂರು ದ್ವೀಪಗಳಲ್ಲಿ ರಂಗನಾಥ ಮಲಗಿದ್ದಾನೆ: ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರನ್ನೂ ನೋಡುವುದೆಂದರೆ ಹೊಳೆಯ ಗುಂಟ ಒಂದು ದ್ವೀಪಯಾತ್ರೆಯೇ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರಿಗೆ, ಸಂಗಮದಲ್ಲಿ ಮೀಯಲು ಬಂದವರಿಗೆ ದಾರಿ ತೋರಿಸುತ್ತಿದ್ದವರು ಪುರೋಹಿತರು ಮತ್ತು ಹರಿಗೋಲಿನವರು. ಸ್ಥಳಪುರಾಣ ಒಬ್ಬರ ಬಾಯಲ್ಲಿ, ಹೊಳೆಯ ಸುಳಿ ಎಲ್ಲಿದೆ ಎಂಬ ತಿಳಿವಳಿಕೆ ಇನ್ನೊಬ್ಬರ ಕೈಯಲ್ಲಿ. ಈ ದ್ವೀಪದ ಮೊದಲ ಗೈಡುಗಳು ಇವರೇ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿಂದ 1799ರ ಮೇ 4ರಂದು ಟಿಪ್ಪು ಸುಲ್ತಾನ್ ಬೀಳುವವರೆಗೆ ಇದು ರಾಜಧಾನಿ. ಆಮೇಲೆ ಆದದ್ದನ್ನು ಅಂಕಿಗಳೇ ಹೇಳುತ್ತವೆ. ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂಬುದು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್‌ನ ಅಂದಾಜು. ಅವನು ಬಂದಾಗ ಸೈನ್ಯ ಬಿಟ್ಟು ಉಳಿದಿದ್ದವರು ಸುಮಾರು 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳಲಾರದೆ ಬ್ರಿಟಿಷರ ದಂಡು 1809ರಿಂದ ಬೆಂಗಳೂರಿಗೆ ಸಾಗಿತು. ಅರಮನೆಗೆ, ದಂಡಿಗೆ ಬೇಕಾದ್ದನ್ನು ಮಾಡಿಕೊಟ್ಟು ಬದುಕುತ್ತಿದ್ದ ಊರಿಗೆ ಕೊಳ್ಳುವವರೇ ಇಲ್ಲವಾದರು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಾಗ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಪಾಲಾಯಿತು. ಅದಕ್ಕೆ ಬದಲಾಗಿ ಈ ದ್ವೀಪ ಮೈಸೂರಿಗೆ ಬಂತು. ಒಂದು ಕಾಲದ ರಾಜಧಾನಿ ಒಪ್ಪಂದದ ಕಾಗದದಲ್ಲಿ ಬದಲಿ ಜಮೀನಿನಂತಾಗಿತ್ತು.

ಊರು ಖಾಲಿಯಾದರೂ ನೋಡಲು ಬರುವವರು ನಿಲ್ಲಲಿಲ್ಲ. ಈ ಸಲ ಬಂದವರು ಗೆದ್ದವರ ಕಡೆಯವರು. ಕೋಟೆ ಒಡೆದ ಜಾಗ, ತಮ್ಮವರನ್ನು ಕೂಡಿಹಾಕಿದ್ದ ನೆಲಮಾಳಿಗೆ, ಟಿಪ್ಪುವಿನ ದೇಹ ಸಿಕ್ಕ ಸ್ಥಳ, ಇವು ಅವರಿಗೆ ಬೇಕಾಗಿದ್ದವು. ಕಲ್ಲುಗಳನ್ನು ನೆಟ್ಟದ್ದೂ ಆ ಲೆಕ್ಕದಲ್ಲೇ. ಕೋಟೆ ಒಡೆದ ಕಡೆ 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಅದು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ. ಗೋಡೆಯ ಒಳಗೆ ನಿಂತು ಸತ್ತ ಸಾವಿರಾರು ಸಿಪಾಯಿಗಳಿಗೆ ಅಂಥ ಕಲ್ಲಿಲ್ಲ. ಅವರ ಕತೆ ಉಳಿದದ್ದು ಲಾವಣಿ ಹಾಡುವವರ ಗಂಟಲಿನಲ್ಲಿ, ಊರಿನವರ ಬಾಯಲ್ಲಿ. ಕಲ್ಲು ಒಂದು ಕಡೆಯದನ್ನು ಹೇಳಿದರೆ ಇನ್ನೊಂದು ಕಡೆಯದನ್ನು ಮನುಷ್ಯರೇ ಹೇಳಬೇಕು. ಶ್ರೀರಂಗಪಟ್ಟಣದಲ್ಲಿ ಗೈಡು ಬೇಕಾಗುವುದು ಇದಕ್ಕೆ.

ಇದಕ್ಕೆ ಒಳ್ಳೆಯ ಸಾಕ್ಷಿ ದರಿಯಾ ದೌಲತ್. 1784ರ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರು ಕದನದ ದೊಡ್ಡ ಚಿತ್ರವಿದೆ. 1780ರಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಮಣಿಸಿದ ಕತೆ ಅದು. ಟಿಪ್ಪು ಬಿದ್ದ ಮೇಲೆ ಇದೇ ಮನೆಯಲ್ಲಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ. ಚಿತ್ರಗಳು ಸುಣ್ಣದ ಕೆಳಗೆ ಮರೆಯಾಗಿ, ಮಾಸಿ, ಗುರುತು ಸಿಗದಂತಾಗಿದ್ದವು. ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಯ ಪ್ರವಾಸಕ್ಕೆ ಬಂದಾಗ ಅವನ್ನು ಮತ್ತೆ ಬರೆಸಿದ. ಬರೆದವನು ಮೂಲ ಚಿತ್ರಗಳ ನೆನಪಿದ್ದ ಒಬ್ಬ ದೇಶೀ ಕಲಾವಿದ. ಇವತ್ತು ನಾವು ಟಿಕೆಟ್ ತೆಗೆದುಕೊಂಡು ನೋಡುವ ಆ ಗೋಡೆ ಸ್ಥಳೀಯನೊಬ್ಬನ ನೆನಪಿನಿಂದ ಉಳಿದದ್ದು. ಅವನ ಹೆಸರು ನಮಗೆ ಬಂದಿಲ್ಲ, ಅರಮನೆಯಲ್ಲಿದ್ದ ಸಾಹೇಬನ ಹೆಸರು ಎಲ್ಲರಿಗೂ ಗೊತ್ತು.

ಬೆಂಗಳೂರಿನಿಂದ ರೈಲು ಬಂದ ಮೇಲೆ ಸಾಮಾನ್ಯ ಜನ ಬರತೊಡಗಿದರು. ಹಳಿ ಕೋಟೆಯನ್ನೇ ಸೀಳಿಕೊಂಡು ಹೋಗುತ್ತದೆ. ರೈಲಿಳಿದರೆ ರಂಗನಾಥನ ಗುಡಿ ಕಾಲ್ನಡಿಗೆಯ ದೂರ. ಗುಡಿಯಿಂದ ಗುಂಬಜ್‌ಗೆ, ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ, ಸಂಗಮಕ್ಕೆ ಟಾಂಗಾ. ಟಾಂಗಾ ಹೊಡೆಯುವವನು ದಾರಿಯುದ್ದಕ್ಕೂ ಕತೆ ಹೇಳುತ್ತಲೇ ಇರುತ್ತಿದ್ದ, ಬಾಡಿಗೆಯಲ್ಲೇ ಅದೂ ಸೇರಿತ್ತು. ಕೃಷ್ಣರಾಜಸಾಗರ, ಬೃಂದಾವನ ಹೆಸರಾದ ಮೇಲೆ ಬಸ್ಸುಗಳು ಬಂದವು, ‘ಅರ್ಧ ಗಂಟೆ ಟೈಮ್, ಬೇಗ ಬನ್ನಿ’ ಎನ್ನುವ ಪ್ರವಾಸ ಶುರುವಾಯಿತು. ಅರ್ಧ ಗಂಟೆಯಲ್ಲಿ ಕತೆಗೆ ಜಾಗವೆಲ್ಲಿ? ಗೈಡಿನ ಕಸುಬು ಸೊರಗತೊಡಗಿದ್ದು ಹೀಗೆ.

ಪಕ್ಕದ ರಂಗನತಿಟ್ಟಿನಲ್ಲೂ ಇದೇ ಪಾಠವಿದೆ. ಹೊಳೆಗೆ ಅಡ್ಡಲಾಗಿ ಒಡೆಯರ ಕಾಲದಲ್ಲಿ ಕಟ್ಟಿದ ಕಟ್ಟೆಯಿಂದಾಗಿ ಮೂಡಿದ ಪುಟ್ಟ ದ್ವೀಪಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯಿಸಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಆದರೆ ಮೊಸಳೆ ಯಾವ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತದೆ, ಕೊಕ್ಕರೆ ಯಾವ ಮರದಲ್ಲಿ ಗೂಡು ಕಟ್ಟಿದೆ ಎಂದು ತೋರಿಸುವುದು ಹುಟ್ಟು ಹಾಕುವವರೇ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕಿ ಕಣ್ಣಿಗೆ ಬೀಳುವುದಿಲ್ಲ.

ಗೈಡು ಹೇಳಿದ್ದೆಲ್ಲ ನಿಜವೇ ಎಂದು ಕೇಳಬಹುದು. ಅಲ್ಲ. ಕೋಟೆಯಿಂದ ಎಲ್ಲೆಲ್ಲಿಗೋ ಸುರಂಗ ಹೋಗಿದೆ ಎನ್ನುವವರು ಇದ್ದಾರೆ. ಉಪ್ಪು ಖಾರ ಹಚ್ಚುವುದೂ ಉಂಟು. ಆದರೆ ಟಿಪ್ಪುವಿನಂಥ ವಿಷಯದಲ್ಲಿ ಬೋರ್ಡು ಎರಡು ಸಾಲಿಗಿಂತ ಹೆಚ್ಚು ಹೇಳಲಾರದು. ನಂಜನಗೂಡಿನ ಗುಡಿಯಲ್ಲಿ ಅವನು ಕೊಟ್ಟದ್ದೆಂದು ಹೇಳುವ ಪಚ್ಚೆ ಲಿಂಗವಿದೆ. ಅದೇ ಟಿಪ್ಪುವಿನ ಕಾಲದ ನೋವನ್ನು ನೆನೆದು ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ನರಕ ಚತುರ್ದಶಿ ಆಚರಿಸುವುದಿಲ್ಲ. ಎರಡೂ ನಮ್ಮ ಸೀಮೆಯ ನೆನಪುಗಳೇ. ಎದುರಿಗೆ ನಿಂತು ಪ್ರಶ್ನೆ ಕೇಳಿಸಿಕೊಂಡು ಎರಡನ್ನೂ ಹೇಳಬಲ್ಲವನು ಓದಿಕೊಂಡ ಗೈಡು ಮಾತ್ರ. ಅವನಿಗೆ ಓದಿಕೊಳ್ಳುವಷ್ಟು ಬಿಡುವು ಸಿಗಬೇಕಾದರೆ ಕಸುಬಿನಲ್ಲಿ ಹೊಟ್ಟೆ ತುಂಬಬೇಕು.

ಹೊಟ್ಟೆ ತುಂಬುವುದು ಕಷ್ಟವಾಗಿದೆ. 2020ರ ಮಾರ್ಚ್ 17ರಿಂದ ಜುಲೈ ಆರಂಭದವರೆಗೆ ಪುರಾತತ್ವ ಇಲಾಖೆಯ ಬಹುತೇಕ ಸ್ಮಾರಕಗಳು ಮುಚ್ಚಿದ್ದವು. ಜನ ಬಂದರೆ ದುಡಿಮೆ, ಇಲ್ಲದಿದ್ದರೆ ಇಲ್ಲ ಎನ್ನುವವರಿಗೆ ಆ ದಿನಗಳು ಹೇಗಿದ್ದವೆಂದು ಬಿಡಿಸಿ ಹೇಳಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣವನ್ನು ಬೈಪಾಸಿನಲ್ಲಿ ಬಳಸಿಕೊಂಡು ಹೋಗುತ್ತದೆ. ಮೊದಲು ಊರೊಳಗೆ ಹಾದು ಹೋಗುವಾಗ ‘ಒಂದು ಗಳಿಗೆ ನೋಡಿಕೊಂಡು ಹೋಗೋಣ’ ಎಂದು ಇಳಿಯುತ್ತಿದ್ದರು. ಈಗ ಬರಬೇಕೆಂದೇ ಹೊರಟವರು ಬರಬೇಕು. ನಂಜನಗೂಡು ರಸ್ತೆಯ ಪಕ್ಕದಲ್ಲೇ ಬದುಕು ಕಟ್ಟಿಕೊಂಡ ಕಡಕೊಳದವರಿಗೆ, ಗಾಡಿಗಳು ನಿಲ್ಲದೆ ಹೋದರೆ ಏನಾಗುತ್ತದೆ ಎಂಬುದು ಗೊತ್ತಿರುವ ಸಂಗತಿಯೇ.

ಆದ್ದರಿಂದ ಬರಬೇಕೆಂದೇ ಹೊರಡಿ. ಒಂದು ದಿನ ಪೂರ್ತಿ ಇಡಿ, ಆದರೆ ಒಂದು ರಾತ್ರಿ ಉಳಿಯಿರಿ. ಬೆಳಗಿನ ತಂಪಿನಲ್ಲಿ ಕೋಟೆ, ಬಿಸಿಲೇರಿದ ಮೇಲೆ ದರಿಯಾ ದೌಲತ್‌ನ ನೆರಳು, ಸಂಜೆ ಸಂಗಮ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಕೇಳಿಕೊಂಡು ಹೋಗಿ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡನ್ನೇ ಹಿಡಿಯಿರಿ. ದುಡ್ಡಿನ ಮಾತು ಮೊದಲೇ ಮುಗಿಸಿ, ಆಮೇಲೆ ಚೌಕಾಸಿ ಬೇಡ. ಖರ್ಚು ಹೆಚ್ಚೆನಿಸಿದರೆ ಎರಡು ಮನೆಯವರು ಒಟ್ಟಾಗಿ ಹೋಗಿ ಹಂಚಿಕೊಳ್ಳಿ. ಊಟ, ಎಳನೀರು ಊರೊಳಗಿನ ಅಂಗಡಿಯಲ್ಲೇ ಆಗಲಿ.

ಮಕ್ಕಳನ್ನು ಕರೆದುಕೊಂಡು ಹೋದರೆ ಗೈಡಿಗೆ ಎರಡು ಪ್ರಶ್ನೆ ಕೇಳಲು ಹೇಳಿ. ರೈಲು ಹಳಿ ಜೋಡಿ ಮಾಡುವಾಗ ಅಡ್ಡ ಬಂತೆಂದು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದ ಟಿಪ್ಪುವಿನ ಶಸ್ತ್ರಾಗಾರ ಮೊದಲು ಎಲ್ಲಿತ್ತು? 1804ರಲ್ಲಿ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ ಸೇತುವೆಗೆ ವೆಲ್ಲೆಸ್ಲಿಯ ಹೆಸರು ಯಾಕೆ ಬಂತು? ಉತ್ತರ ಹೇಳಬಲ್ಲವರು ಆ ದ್ವೀಪದಲ್ಲಿ ಇನ್ನೂ ಇದ್ದಾರೆ. ಕೇಳುವವರು ಹೋದರೆ ಮುಂದೆಯೂ ಇರುತ್ತಾರೆ.