ಮೆಡೋಸ್ ಟೇಲರ್ ಅವರ ಕುಟುಂಬ ಜೀವನ

ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ (25 ಸೆಪ್ಟೆಂಬರ್ 1808 – 13 ಮೇ 1876) ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಕಾರರು ಮತ್ತು ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಅಧಿಕಾರಿ. ಅವರ ಸೇವಾವಧಿಯ ಹಲವು ವರ್ಷಗಳು ಇಂದಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಕಳೆದವು.

ವಿವಾಹ

ಲಿವರ್‌ಪೂಲ್‌ನ ವರ್ತಕ ಮನೆತನದಲ್ಲಿ ಜನಿಸಿದ ಟೇಲರ್, 15ನೆಯ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಒಬ್ಬರೇ ಭಾರತಕ್ಕೆ ಬಂದರು. ವ್ಯಾಪಾರ ಕೈಗೂಡದೆ 1824ರಲ್ಲಿ ನಿಜಾಮರ ಸೈನ್ಯ ಸೇರಿದರು. ಅವರ ಪತ್ನಿ ಮೇರಿ, ಹೈದರಾಬಾದಿನ ಹೆಸರಾಂತ ಲೇವಾದೇವಿಗಾರ ವಿಲಿಯಂ ಪಾಮರ್ ಅವರ ಮಗಳು. ಪಾಮರ್ ಅವರ ತಂದೆ ಇಂಗ್ಲಿಷ್ ಸೇನಾಪತಿ, ತಾಯಿ ಮುಸ್ಲಿಂ ಮನೆತನದವರು. ಹೀಗಾಗಿ ಟೇಲರ್ ಸೇರಿದ್ದು ಎರಡು ಸಂಸ್ಕೃತಿಗಳು ಬೆರೆತಿದ್ದ ಕುಟುಂಬಕ್ಕೆ. ಹಿಂದೂ ವಿಧವೆಯೊಬ್ಬಳು ಇಂಗ್ಲಿಷ್ ಅಧಿಕಾರಿಯನ್ನು ವರಿಸುವ ಕಥೆಯುಳ್ಳ 'ಸೀತಾ' (1872) ಕಾದಂಬರಿಯನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಅನಾರೋಗ್ಯದ ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ 'ಕನ್ಫೆಷನ್ಸ್ ಆಫ್ ಎ ಥಗ್' (1839) ಪ್ರಕಟವಾಗಿ ಟೇಲರ್ ಪ್ರಸಿದ್ಧರಾದರು. ಅಲ್ಲಿಂದ ಮರಳಿದ ಬಳಿಕ, 1840ರ ದಶಕದಲ್ಲಿ, ಮೇರಿ ತೀರಿಕೊಂಡರು. ಆಂಗ್ಲ ಅಧಿಕಾರಿಗಳು ಹವಾಮಾನ ಮತ್ತು ವಿದ್ಯಾಭ್ಯಾಸದ ಕಾರಣಕ್ಕೆ ಮಕ್ಕಳನ್ನು ತವರುದೇಶದಲ್ಲಿ ಬೆಳೆಸುವುದು ಆಗಿನ ವಾಡಿಕೆಯಾಗಿತ್ತು. ಟೇಲರ್ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ.

ಸುರಪುರದ ಬಾಲರಾಜ

1841ರಲ್ಲಿ ಟೇಲರ್ ಸುರಪುರಕ್ಕೆ ನೇಮಕಗೊಂಡರು. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಆಡಳಿತದ ವಿಷಯದಲ್ಲಿ ರಾಣಿ ಈಶ್ವರಮ್ಮನವರಿಗೂ ಟೇಲರ್‌ಗೂ ಹೊಂದಾಣಿಕೆಯಿರಲಿಲ್ಲ. ಆದರೆ ಹುಡುಗ ಅವರನ್ನು 'ಅಪ್ಪ' ಎಂದೇ ಕರೆಯುತ್ತಿದ್ದ. 1853ರಲ್ಲಿ ಅವನಿಗೆ ರಾಜ್ಯವನ್ನು ಒಪ್ಪಿಸಿ ಟೇಲರ್ ಸುರಪುರದಿಂದ ಹೊರಟರು.

ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯ ಹೋರಾಡಿ ಮಡಿದ 1858ರಲ್ಲೇ ವೆಂಕಟಪ್ಪ ನಾಯಕನೂ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದನು. ಟೇಲರ್ ಸೆರೆಮನೆಯಲ್ಲಿ ಅವನನ್ನು ಕಂಡರು. ಮರಣದಂಡನೆ ಕಡಿಮೆಯಾಗಿ ಕೆಲವು ವರ್ಷಗಳ ಸೆರೆಯಷ್ಟೇ ಉಳಿದಿತ್ತು. ಆದರೆ ಅಲ್ಲಿಗೆ ಸಾಗಿಸುವ ದಾರಿಯಲ್ಲಿ ರಾಜ ಗುಂಡಿಗೆ ಬಲಿಯಾದನು. ಅವನು ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ಬರೆದಿದ್ದಾರೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಮರಣವಿದೆಯೆಂದು ಜಾತಕ ಹೇಳಿದ್ದ ಸಂಗತಿಯನ್ನೂ ಅವರು ದಾಖಲಿಸಿದ್ದಾರೆ. ಈ ವಾತ್ಸಲ್ಯದ ಕಥೆ ನಮಗೆ ಮುಖ್ಯವಾಗಿ 'ಅಪ್ಪ'ನ ಬರಹದಿಂದಲೇ ತಿಳಿದಿರುವುದು. ಮಗನ ಕಡೆಯ ಮಾತು ಉಳಿದಿಲ್ಲ. ಅಲ್ಲದೆ ಆ ಅಪ್ಪ ರಾಜನನ್ನು ಸೆರೆಹಿಡಿದ ಸರ್ಕಾರದ ಅಧಿಕಾರಿಯೂ ಆಗಿದ್ದನು.

ಮಗಳು ಆಲಿಸ್

1860ರಲ್ಲಿ ಭಾರತ ತೊರೆದ ಟೇಲರ್ ಡಬ್ಲಿನ್ ಬಳಿಯ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ನೆಲೆಸಿ, 'ತಾರಾ' (1863) ಮೊದಲಾದ ಕಾದಂಬರಿಗಳನ್ನು ಬರೆದರು. ಕೊನೆಗಾಲದಲ್ಲಿ ದೃಷ್ಟಿ ಕ್ಷೀಣಿಸಿತು. 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದು, ಮರಳುವಾಗ ಫ್ರಾನ್ಸಿನ ಮೆಂಟನ್‌ನಲ್ಲಿ ನಿಧನರಾದರು. ಅವರ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್' ಅನ್ನು ಮಗಳು ಆಲಿಸ್ ಸಂಪಾದಿಸಿ 1877ರಲ್ಲಿ ಪ್ರಕಟಿಸಿದರು. ಬಂಧು ಹೆನ್ರಿ ರೀವ್ ಮುನ್ನುಡಿ ಬರೆದರು. ಸುರಪುರದ ಬಾಲರಾಜನ ಪ್ರಸಂಗಗಳು ಓದುಗರಿಗೆ ತಲುಪಿದ್ದು ಈ ಪುಸ್ತಕದ ಮೂಲಕ. ಟೇಲರ್ ವಾಸವಿದ್ದ ಬಂಗಲೆಯನ್ನು ಸುರಪುರದಲ್ಲಿ ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ.